ಖಾಲಿ ಸರಪಳಿ

ಚಿಟಗುಪ್ಪದ ಹಳೆಯ ಓಣಿಯೊಂದರಲ್ಲಿ, ಬೇಸಗೆಯ ಸಂಜೆ, ಮಾಳಿಗೆಯ ಮಣ್ಣು ಹಗಲೆಲ್ಲ ಕುಡಿದ ಕಾವನ್ನು ಇನ್ನೂ ಬಿಟ್ಟುಕೊಡದಿದ್ದ ಹೊತ್ತಿನಲ್ಲಿ, ಮನೆಯ ಮುಂದಿನ ಕಟ್ಟೆಗೆ ನೀರು ಚಿಮುಕಿಸಿ ಕುಳಿತಿದ್ದ ಹಿರಿಯರು ಪಶುವೈದ್ಯರಾಗಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು ನಿವೃತ್ತರಾದವರು. ಅವರನ್ನು ಕಾಣಲು ಬಂದವನು ಅದೇ ಓಣಿಯ ಒಬ್ಬ ತರುಣ ಶಾಲಾಮಾಸ್ತರ. ಇಬ್ಬರ ಸಂಭಾಷಣೆಯನ್ನು ಕೇಳುತ್ತ ಪಕ್ಕದಲ್ಲಿ ಕುಳಿತಿದ್ದ ನಾನು ನೆನಪಿನಲ್ಲಿ ಉಳಿದಷ್ಟನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಮ್ಮ ಬೀದರ ಸೀಮೆಯ ಆಡುಮಾತಿನ ಸೊಗಸನ್ನು ಬರಹದಲ್ಲಿ ಹಿಡಿದಿಡುವ ಶಕ್ತಿ ನನಗಿಲ್ಲದ ಕಾರಣ ಅದನ್ನು ಗ್ರಾಂಥಿಕಕ್ಕೆ ತಿರುಗಿಸಿದ್ದೇನೆಂಬ ಅಪರಾಧವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ತರುಣ — ಕಾಕಾ, ಒಂದು ಸಲಹೆ ಬೇಡಲು ಬಂದೆ. ಮಗಳಿಗೆ ಹತ್ತು ತುಂಬಿತು. ಎರಡು ವರ್ಷದಿಂದ ನಾಯಿಮರಿ ಬೇಕೆಂದು ಹಟ ಹಿಡಿದಿದ್ದಾಳೆ. ಹೈದರಾಬಾದಿನಲ್ಲಿರುವ ನನ್ನ ಷಡ್ಡಕ ಒಂದು ಹಸ್ಕಿ ಮರಿಯನ್ನು ನೋಡಿಟ್ಟಿದ್ದಾನೆ. ನೀಲಿ ಕಣ್ಣು, ಅರಳಿದ ಹತ್ತಿಯಂಥ ಮೈ. ಬರುವ ಭಾನುವಾರ ಹೋಗಿ ತರುವುದೆಂದು ನಿಶ್ಚಯವಾಗಿದೆ. ಯಾವ ಯಾವ ಸೂಜಿ ಹಾಕಿಸಬೇಕು, ಏನೇನು ತಿನ್ನಿಸಬೇಕು ಎಂಬುದನ್ನು ತಾವು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಉಪಕಾರವಾಗುತ್ತದೆ.

ಹಿರಿಯ — ನಿಶ್ಚಯವಾಗಿದೆ ಎಂದ ಮೇಲೆ ಸಲಹೆಗೆ ಎಲ್ಲಿ ಎಡೆ, ತಮ್ಮಾ? ಉಳಿದದ್ದು ಚೀಟಿ ಮಾತ್ರ. ಚೀಟಿ ಬರೆದು ಬರೆದು ನನ್ನ ಬೆರಳು ಡೊಂಕಾಗಿವೆ. ಆದರೆ ದವಾಖಾನೆಯ ಮೇಜಿನಾಚೆ ನಿಂತವರಲ್ಲಿ ಬಹುಮಂದಿ ಪ್ರಾಣಿಯನ್ನು ತಂದಾದ ಮೇಲೆ ಕೇಳಲು ಬಂದವರೇ ಹೊರತು, ತರುವುದಕ್ಕೆ ಮುಂಚೆ ಬಂದು ಕೇಳಿದವರು ನನ್ನ ನೆನಪಿಗೆ ಬರುವುದಿಲ್ಲ. ನೀನು ಇನ್ನೂ ಭಾನುವಾರದ ಈಚೆಗಿದ್ದೀ. ಅಷ್ಟರ ಮಟ್ಟಿಗೆ ಪುಣ್ಯವಂತ. ಕುಳಿತುಕೋ.

ತರುಣ — ಹಸ್ಕಿ ಬೇಡವೆನ್ನುತ್ತೀರಾ?

ಹಿರಿಯ — ಬೇಡ ಅನ್ನಲು ನಾನಾರು! ನಮ್ಮ ವೈಶಾಖ ಅನ್ನುತ್ತದೆ. ಆ ಜಾತಿ ಸೈಬೀರಿಯದ ಹಿಮದ ಮೇಲೆ ಬಂಡಿ ಎಳೆಯುವುದಕ್ಕಾಗಿ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದು. ಅದರ ಮೈಮೇಲಿರುವುದು ಒಂದು ಪದರದ ಕೂದಲಲ್ಲ, ಎರಡು ಪದರದ ಕಂಬಳಿ. ನಮ್ಮ ಹಾಗೆ ಮೈಯೆಲ್ಲ ಬೆವರಿ ತಣಿಯುವ ಉಪಾಯವನ್ನು ದೇವರು ನಾಯಿಗೆ ಕೊಡಲಿಲ್ಲ. ಪಾದದ ಅಡಿಯಲ್ಲಿ ಕೊಂಚ ಬೆವರು ಬಿಟ್ಟರೆ, ಉಳಿದ ಕಾವೆಲ್ಲ ನಾಲಗೆ ಚಾಚಿ ತೇಕುವ ಉಸಿರಿನಿಂದಲೇ ಹೊರಗೆ ಹೋಗಬೇಕು. ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿ, ಮಧ್ಯಾಹ್ನ ಕರೆಂಟು ಹೋಗಿ, ನಿನ್ನ ಮನೆಯ ಕೂಲರು ನಿಂತು, ನೀನು ಅಂಗಿ ಕಳಚಿ ಬೀಸಣಿಗೆ ಹಿಡಿದಾಗ ಅದು ಏನನ್ನು ಕಳಚಬೇಕು? ಮೋಟು ಮೂಗಿನ ಪಗ್ ನಾಯಿಗೂ ಇದೇ ಗತಿ. ಉಸಿರು ಹಾಯುವ ದಾರಿಯೇ ಅದಕ್ಕೆ ಸಂಕುಚಿತವಾಗಿರುತ್ತದೆ. ಜಾಹೀರಾತಿನಲ್ಲಿ ಚೆಂದ ಕಂಡಿತೆಂದು ಇಂಥವನ್ನು ಕೊಂಡು ತಂದವರ ನಾಯಿಗಳು ಬೇಸಗೆಯ ಮಧ್ಯಾಹ್ನ ಪರಸಿಯ ಮೇಲೆ ಹೊಟ್ಟೆ ಹಾಸಿ ಮಲಗಿ ಏದುವುದನ್ನು ಕಂಡು ನನ್ನ ಉಸಿರೇ ಕಟ್ಟಿದೆ.

ತರುಣ — ಹಾಗಾದರೆ ನಮ್ಮ ನಾಡಿನದೇ ಆದ ಮುಧೋಳ ನಾಯಿಯನ್ನು ತರುತ್ತೇನೆ. ಅದಕ್ಕೆ ಬಿಸಿಲಿನ ಭಯವಿಲ್ಲವಷ್ಟೆ. ಅದರ ಚಿತ್ರವುಳ್ಳ ಅಂಚೆಚೀಟಿ ಕೂಡ ಬಂದಿತ್ತೆಂದು ಓದಿದ ನೆನಪು.

ಹಿರಿಯ — ಬಂದಿತ್ತು, 2005ರಲ್ಲಿ. ಉತ್ತಮವಾದ ಜಾತಿ, ಸಂದೇಹವಿಲ್ಲ. ಮುಧೋಳದ ಘೋರ್ಪಡೆ ಅರಸರು ಅದನ್ನು ಪೋಷಿಸಿ ಹೆಸರಿಗೆ ತಂದರು. ಈಗ ನಮ್ಮ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರದೇ ಒಂದು ಕೇಂದ್ರ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದರ ವಂಶಶುದ್ಧಿಗಾಗಿ ದುಡಿಯುತ್ತಿದೆ. ಆದರೆ ಅದು ವಾಸನೆ ಹಿಡಿದು ತಿರುಗುವ ನಾಯಿಯಲ್ಲ, ಕಣ್ಣಿಗೆ ಬಿದ್ದುದನ್ನು ಅಟ್ಟುವ ನಾಯಿ. ಬಯಲಿನಲ್ಲಿ ಮೊಲವೊಂದು ಎದ್ದಿತೆಂದರೆ ಬಾಣ ಬಿಟ್ಟಂತೆ ಓಡುವುದಕ್ಕೆಂದೇ ಆ ತೆಳುವಾದ ಸೊಂಟ, ಆ ಉದ್ದವಾದ ಕಾಲು, ಆ ಆಳವಾದ ಎದೆ. ನಿನಗೆ ಹೊಲವಿದೆಯೇ?

ತರುಣ — ಹೊಲ ಅಣ್ಣನ ಪಾಲಿಗೆ ಹೋಯಿತು. ನನಗಿರುವುದು ಓಣಿಯ ಮನೆ, ಹಿಂದೆ ಒಂದು ಹಿತ್ತಲು, ಮೇಲೆ ಮಾಳಿಗೆ.

ಹಿರಿಯ — ಮಾಳಿಗೆಯ ಮೇಲೆ ಕಟ್ಟಿಹಾಕಿದ ಮುಧೋಳ ನಾಯಿ, ಕಲ್ಲಿಗೆ ಕಟ್ಟಿಹಾಕಿದ ಗಾಳಿಪಟ. ಕೆಲವು ದಿನ ಜಗ್ಗುತ್ತದೆ. ಆಮೇಲೆ ಹರಿಯುತ್ತದೆ, ಇಲ್ಲವೆ ಹರಿದುಹಾಕುತ್ತದೆ. ಮನೆಯ ನೆಲ, ಮನೆಯ ಹವೆ, ಮನೆಯವರ ಹಗಲು ಇವು ಮೂರನ್ನೂ ಮೊದಲು ಅಳೆದು, ಅದಕ್ಕೆ ಹೊಂದುವ ಪ್ರಾಣಿಯನ್ನು ಆಮೇಲೆ ಅರಸಬೇಕಾದವರು ನಾವು, ಮೊದಲು ಪ್ರಾಣಿಯನ್ನು ಮೆಚ್ಚಿ ಆಮೇಲೆ ಮನೆಯನ್ನು ಅದರ ಅಳತೆಗೆ ಹಿಗ್ಗಿಸಲು ಹೋಗುತ್ತೇವೆ. ರಾಜರಿಗೆ ಅದು ಸಲ್ಲುತ್ತದೆ. ಇಲ್ಲಿಂದ ಬಸ್ಸು ಹತ್ತಿ ಹುಮನಾಬಾದ ದಾಟಿದರೆ ಕಲ್ಯಾಣ; ಅಲ್ಲಿ ಹನ್ನೆರಡನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನೆಂಬುದನ್ನು ನೀನು ಮಕ್ಕಳಿಗೆ ಪಾಠ ಹೇಳಿರುತ್ತೀ.

ತರುಣ — ಹೇಳುತ್ತೇನೆ. ಅಭಿಲಷಿತಾರ್ಥ ಚಿಂತಾಮಣಿ ಎಂದೂ ಅದಕ್ಕೆ ಹೆಸರು. ನೂರು ಅಧ್ಯಾಯ. ಆದರೆ ಪರೀಕ್ಷೆಗೆ ಬರುವುದು ಅಷ್ಟೇ.

ಹಿರಿಯ — ಪರೀಕ್ಷೆಗೆ ಬಾರದುದರಲ್ಲಿ ರಸವಿರುತ್ತದೆ. ಅದರ ವಿನೋದಗಳ ಭಾಗದಲ್ಲಿ ಕೋಳಿ, ಟಗರು, ಪಾರಿವಾಳ, ಗಿಡುಗ ಇವುಗಳ ಸಾಲಿನಲ್ಲಿಯೇ ಸಾರಮೇಯ ವಿನೋದವೆಂದು ನಾಯಿಗೂ ಒಂದು ಪ್ರಕರಣವನ್ನು ಆ ಅರಸನು ಮೀಸಲಿಟ್ಟಿದ್ದಾನೆ. ನಮ್ಮ ನೆರೆಯ ಊರಿನಲ್ಲಿಯೇ, ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ, ನಾಯಿಯನ್ನು ಕುರಿತು ಶಾಸ್ತ್ರೋಕ್ತವಾಗಿ ಬರೆದವರಿದ್ದರೆಂದರೆ ಅಭಿಮಾನಪಡತಕ್ಕ ಸಂಗತಿಯೇ ಸರಿ. ಆದರೆ ಒಂದನ್ನು ಮರೆಯಬಾರದು: ವಿನೋದ ಅರಸನದು, ನಾಯಿಗೆ ನೀರಿಡುವವನು ಬೇರೊಬ್ಬ. ಅವನ ಹೆಸರು ಗ್ರಂಥದಲ್ಲಿಲ್ಲ. ನಿನ್ನ ಮನೆಯಲ್ಲಿ ಅರಸಿ ನಿನ್ನ ಮಗಳು. ಆ ಬೇರೊಬ್ಬನು ಯಾರು?

ತರುಣ — ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತೇನೆಂದು ಮಗಳು ಮಾತು ಕೊಟ್ಟಿದ್ದಾಳೆ.

ಹಿರಿಯ — ಕೊಟ್ಟ ಮಾತು ಸುಳ್ಳೆಂದು ನಾನು ಅನ್ನುವುದಿಲ್ಲ. ಹತ್ತು ವರ್ಷದ ಮಗುವಿನ ಬಾಯಿಯಿಂದ ಹೊರಡುವ ಮಾತಿನಷ್ಟು ಪ್ರಾಮಾಣಿಕವಾದುದು ಬೇರೊಂದಿಲ್ಲ. ಲೆಕ್ಕ ಮಾತ್ರ ಅವಳಿಗೆ ತಿಳಿಯದು, ನಿನಗೆ ತಿಳಿಯಬೇಕು. ನಾಯಿಯ ಆಯುಸ್ಸು ಹನ್ನೆರಡು, ಹದಿಮೂರು ವರ್ಷ ಎಂದು ಹಿಡಿ. ಮಗಳು ಹತ್ತನೆಯ ತರಗತಿ ಮುಗಿಸಿ ಬೀದರಕ್ಕೋ ಕಲಬುರಗಿಗೋ ಹಾಸ್ಟೆಲು ಸೇರುವಾಗ ಅವಳಿಗೆ ಹದಿನಾರು, ನಾಯಿಗೆ ಆರು. ಅಲ್ಲಿಂದ ಮುಂದೆ ಅದರ ಬದುಕಿನ ಅರ್ಧಭಾಗ ಉಳಿದಿರುತ್ತದೆ. ಅದರಲ್ಲಿಯೂ ಕಣ್ಣು ಮಂಜಾಗುವ, ಹಿಂಗಾಲು ಸೋಲುವ, ರಾತ್ರಿ ಎದ್ದು ನರಳುವ ಭಾಗ. ಆ ಏಳು ವರ್ಷ ಅದು ಯಾರ ನಾಯಿ? ನೀನೂ ಸೊಸೆಯೂ ಇಬ್ಬರೂ ಶಾಲೆಗೆ ಹೋಗುವವರು. ಮುಂಜಾನೆ ಒಂಬತ್ತಕ್ಕೆ ಹೊರಟು ಸಂಜೆ ಐದಕ್ಕೆ ಮರಳುವ ನಡುವಿನ ಎಂಟು ಗಂಟೆ ಬಾಗಿಲ ಒಳಗೆ ಯಾರಿರುತ್ತಾರೆ?

ತರುಣ — ಅವ್ವ ಇರುತ್ತಾಳೆ. ಆದರೆ ಅವಳಿಗೆ ಇದರಲ್ಲಿ ಒಂದಿಷ್ಟೂ ಮನಸ್ಸಿಲ್ಲ. ಲಿಂಗಪೂಜೆ, ಮಡಿ, ನಾಯಿ ಹೊಸ್ತಿಲು ದಾಟಬಾರದು ಎನ್ನುತ್ತಾಳೆ. ಮೊದಮೊದಲು ಹಾಗೆಯೇ, ಬಂದ ಮೇಲೆ ಅವಳೇ ಒಪ್ಪಿಕೊಳ್ಳುತ್ತಾಳೆ.

ಹಿರಿಯ — ಬಂದ ಮೇಲೆ ಒಪ್ಪಿಕೊಳ್ಳದೆ ಏನು ಮಾಡಿಯಾಳು? ಅದಿರಲಿ. ನಿಮ್ಮದು ಮಾಂಸ ತಿನ್ನದ ಮನೆ. ಅದಕ್ಕೇನು ಹಾಕುತ್ತೀ?

ತರುಣ — ಹಾಲು, ರೊಟ್ಟಿ.

ಹಿರಿಯ — ಓಣಿಯ ನಾಯಿಗಳೆಲ್ಲ ಜೋಳದ ರೊಟ್ಟಿಯ ಮೇಲೆಯೇ ಬದುಕುತ್ತವೆಂದು ನೀನು ಹೇಳಲಿರುವೆ. ಅವು ರೊಟ್ಟಿಯ ಜೊತೆಗೆ ಏನೇನು ತಿನ್ನುತ್ತವೆಂಬುದನ್ನು ನಿನ್ನ ಅವ್ವನ ಮುಂದೆ ವರ್ಣಿಸದಿರುವುದೇ ಲೇಸು. ನಾಯಿ ಮಾಂಸವಿಲ್ಲದೆಯೂ ಬಾಳಬಲ್ಲುದು. ಆದರೆ ಬರಿಯ ರೊಟ್ಟಿಯಿಂದಲ್ಲ. ಬೇಳೆ, ಮೊಸರು, ಸಾಧ್ಯವಾದರೆ ಮೊಟ್ಟೆ, ಇವನ್ನು ಅಳತೆಯಿಂದ ಕೂಡಿಸಬೇಕು. ಮರಿಯಾಗಿದ್ದಾಗಲಂತೂ ಯಾರಾದರೂ ವೈದ್ಯರನ್ನು ಕೇಳಿಯೇ ಕೂಡಿಸಬೇಕು. ನಿಮ್ಮ ಮನೆಯ ಉಳ್ಳಾಗಡ್ಡಿಯ ಪಲ್ಯ, ಬೆಳ್ಳುಳ್ಳಿ ಹಾಕಿದ ಹಿಂಡಿ, ಇವು ನಾಯಿಯ ರಕ್ತಕ್ಕೆ ವಿಷ. ಉಳಿದ ಊಟವನ್ನು ಸುರಿದರಾಯಿತೆಂಬುದು ನಡೆಯದು. ಚಾಕಲೇಟು, ದ್ರಾಕ್ಷಿ ಕೂಡ ಹಾಗೆಯೇ. ಬೆಕ್ಕಿನ ಮಾತೇ ಬೇರೆ. ಅದು ಮಾಂಸವಿಲ್ಲದೆ ಬದುಕದ ಜಾತಿ. ಟಾರಿನ್ ಎಂಬ ಸತ್ವವೊಂದು ಅದಕ್ಕೆ ಮಾಂಸದಿಂದಲೇ ಬರಬೇಕು, ಬಾರದಿದ್ದರೆ ಕಣ್ಣೂ ಹೋಗುತ್ತದೆ, ಗುಂಡಿಗೆಯೂ ಸೋಲುತ್ತದೆ. ಶಾಕಾಹಾರಿಗಳ ಮನೆಯಲ್ಲಿ ಬೆಕ್ಕು ಸೊಂಪಾಗಿರುವುದನ್ನು ಕಂಡರೆ ಆ ಮನೆಯಲ್ಲಿ ಇಲಿಗಳಿವೆಯೆಂದು ತಿಳಿ.

ತರುಣ — ಇಷ್ಟೆಲ್ಲ ತೊಡಕೇಕೆಂದು ನನ್ನ ಹೆಂಡತಿ ಗಿಳಿಯೊಂದನ್ನು ತಂದು ಪಂಜರದಲ್ಲಿಡೋಣ ಎನ್ನುತ್ತಾಳೆ.

ಹಿರಿಯ — ಮಾಸ್ತರನ ಮನೆಗೆ ಅರಣ್ಯ ಇಲಾಖೆಯವರು ಬಂದು ನಿಂತರೆ ಓಣಿಗೆಲ್ಲ ವಿನೋದವಾದೀತು! ಕೊರಳಲ್ಲಿ ಕೆಂಪುಗೆರೆಯುಳ್ಳ ನಮ್ಮ ಹಸುರು ಗಿಳಿ ಕಾಡುಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ಅದೃಷ್ಟ ತರುತ್ತದೆಂದು ಕೆಲವರು ಗುಟ್ಟಾಗಿ ಇಟ್ಟುಕೊಳ್ಳುವ ನಕ್ಷತ್ರ ಆಮೆಗೂ ಇದೇ ಕಾಯಿದೆ. ಕಾಯಿದೆಯನ್ನು ಬಿಡು, ಹಾರುವ ಪ್ರಾಣಿಯನ್ನು ರೆಕ್ಕೆ ಬಿಚ್ಚಲೂ ಆಗದ ಪಂಜರದಲ್ಲಿಟ್ಟು, ಅದು ಮನುಷ್ಯರ ಮಾತಾಡಿತೆಂದು ಸಂತೋಷಪಡುವುದರಲ್ಲಿ ಅದೇನು ಸುಖವೋ ನನಗೆ ಇಂದಿಗೂ ತಿಳಿದಿಲ್ಲ. ಗಿಳಿಯ ಪ್ರಸಂಗ ಸಾಕು.

ತರುಣ — ಹಾಗಾದರೆ ಊರ ನಾಯಿಯ ಮರಿಯನ್ನೇ ತರಲೇ? ನಮ್ಮ ಶಾಲೆಯ ಹಿಂದೆ ಒಂದು ಈದಿದೆ, ನಾಲ್ಕು ಮರಿ. ಕಣ್ಣು ಬಿಟ್ಟು ಹತ್ತು ದಿನವಾಗಿರಬಹುದು.

ಹಿರಿಯ — ಈಗಲೇ ಎತ್ತಿಕೊಂಡು ಬರಬೇಡ. ಎಂಟು ವಾರ ತಾಯಿಯ ಹತ್ತಿರ ಇರಗೊಡು. ಹಾಲಿಗಾಗಿ ಮಾತ್ರವಲ್ಲ, ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುತ್ತ, ತನ್ನ ಹಲ್ಲು ಎಷ್ಟು ನಾಟಿದರೆ ಎದುರಿನದು ಕಿರುಚುತ್ತದೆಂಬ ವಿದ್ಯೆಯನ್ನು ಅದು ಕಲಿಯುವುದು ಆ ದಿನಗಳಲ್ಲಿಯೇ. ತಾಯಿಯಿಂದ ಬೇಗ ಅಗಲಿಸಿ ತಂದ ಮರಿ ಆ ಪಾಠವನ್ನು ನಿನ್ನ ಮಗಳ ಕೈಯ ಮೇಲೆ ಕಲಿಯುತ್ತದೆ. ಮಾರುವ ಅಂಗಡಿಯವರೂ ಎಂಟು ವಾರದೊಳಗಿನ ಮರಿಯನ್ನು ಮಾರಕೂಡದೆಂದು 2018ರ ನಿಯಮದಲ್ಲಿ ಹೇಳಿದೆ. ಊರ ನಾಯಿ ನಮ್ಮ ಹವೆಗೆ ಹುಟ್ಟಿದ್ದು, ಅದು ಅದರ ದೊಡ್ಡ ಗುಣ. ಆದರೆ ಊರ ನಾಯಿಗೆ ರೋಗ ತಟ್ಟದೆಂಬುದು ಬರಿಯ ನಂಬಿಕೆ. ಆರರಿಂದ ಎಂಟು ವಾರದೊಳಗೆ ಪಾರ್ವೊ ರೋಗದ ಲಸಿಕೆ ಆರಂಭವಾಗಬೇಕು. ರಕ್ತಭೇದಿಯಿಂದ ಎರಡು ಮೂರು ದಿನದಲ್ಲಿ ಬತ್ತಿಹೋದ ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ತಂದ ಮಕ್ಕಳ ಮುಖವನ್ನು ನಾನು ಮರೆತಿಲ್ಲ. ನಿಮ್ಮ ಅಣ್ಣನ ದನದ ಕೊಟ್ಟಿಗೆಯ ಕಡೆಗೆ ಹೋದರೆ ಉಣ್ಣೆ ಹತ್ತುತ್ತವೆ, ಅವುಗಳಿಂದ ಜ್ವರ. ಮತ್ತು ಹುಚ್ಚುನಾಯಿ ರೋಗದ ಸೂಜಿ. ಮೂರು ತಿಂಗಳಿಗೆ ಮೊದಲನೆಯದು, ಅಲ್ಲಿಂದ ಪ್ರತಿವರ್ಷ ತಪ್ಪದೆ.

ತರುಣ — ನಮ್ಮ ಅಜ್ಜನ ಕಾಲದಲ್ಲಿ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂದು ಹೆದರಿಸುತ್ತಿದ್ದರು.

ಹಿರಿಯ — ಆ ಲಸಿಕೆ ಈಗಿಲ್ಲ. ಆ ಹೆದರಿಕೆ ಮಾತ್ರ ಉಳಿದಿದೆ, ಅದೇ ಕೇಡು. ಪ್ಯಾರಿಸಿನಲ್ಲಿ ಲೂಯಿ ಪಾಶ್ಚರನು ಹುಚ್ಚುನಾಯಿ ಕಚ್ಚಿದ ಹುಡುಗನಿಗೆ ಮೊದಲು ಲಸಿಕೆ ಹಾಕಿ ಉಳಿಸಿದ್ದು 1885ರಲ್ಲಿ. ಅಂದಿನಿಂದ ಇಷ್ಟು ಕಾಲ ಕಳೆದರೂ ಗಾಯಕ್ಕೆ ಖಾರದಪುಡಿಯನ್ನೋ ಸುಣ್ಣವನ್ನೋ ಮೆತ್ತಿಕೊಂಡು ಮೂರು ದಿನ ತಡೆದು ಬರುವವರನ್ನು ನಾನು ಕಂಡಿದ್ದೇನೆ. ಯಾವ ನಾಯಿ ಕಚ್ಚಿದರೂ ಸರಿ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ಸರಕಾರಿ ದವಾಖಾನೆಗೆ ಹೋಗಬೇಕು. ಈಗ ಸೂಜಿ ತೋಳಿಗೆ, ನಾಲ್ಕೈದು ಸಲ. ರೋಗ ಒಮ್ಮೆ ಕಾಣಿಸಿಕೊಂಡಿತೆಂದರೆ ಮನುಷ್ಯನಿಗಾಗಲಿ ನಾಯಿಗಾಗಲಿ ಮದ್ದಿಲ್ಲ. ಇದನ್ನು ನಿನ್ನ ಮಗಳಿಗೆ ಮರಿಯ ಹೆಸರನ್ನು ಆರಿಸುವುದಕ್ಕೆ ಮೊದಲೇ ಬಾಯಿಪಾಠ ಮಾಡಿಸು.

ತರುಣ — ತಾವು ಹೇಳುವುದನ್ನೆಲ್ಲ ಕೇಳಿದರೆ ನಾಯಿ ಸಾಕುವುದೇ ಬೇಡವೆನ್ನಿಸುತ್ತದೆ. ಆದರೂ ನಮ್ಮ ದೇವರುಗಳೇ ನಾಯಿಯನ್ನು ಬಿಟ್ಟಿಲ್ಲವಲ್ಲ! ಮಾಣಿಕನಗರಕ್ಕೆ ದತ್ತಜಯಂತಿಗೆ ಹೋದರೆ ದತ್ತಾತ್ರೇಯನ ಕಾಲ ಬಳಿ ನಾಲ್ಕು ನಾಯಿ. ಖಾನಾಪುರದ ಮೈಲಾರ ಮಲ್ಲಣ್ಣನಿಗೂ ನಾಯಿಯೇ ಸಂಗಾತಿ.

ಹಿರಿಯ — ಆ ನಾಲ್ಕು ನಾಯಿಗಳು ನಾಲ್ಕು ವೇದಗಳೆಂದು ಪಂಡಿತರು ಹೇಳುತ್ತಾರೆ. ಪಟದಲ್ಲಿರುವ ವೇದಕ್ಕೆ ಕುಂಕುಮ ಹಚ್ಚಿ, ಗುಡಿಯಿಂದ ಹೊರಬಂದು ಬಾಗಿಲಲ್ಲಿ ಮಲಗಿದ ವೇದಕ್ಕೆ ಕಲ್ಲೆಸೆಯುವ ಭಕ್ತರೂ ಇದ್ದಾರೆ. ದೇವರ ಮಾತು ಬೇಡ, ಮನುಷ್ಯನೊಬ್ಬನ ಮಾತು ಹೇಳುತ್ತೇನೆ. ಮಂಡ್ಯದ ಕಡೆ ಆತಕೂರು ಎಂಬ ಊರು. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ಘೋರ ಸಂಗ್ರಾಮದಲ್ಲಿ ಮಣಲೆರನೆಂಬ ವೀರನು ಪರಾಕ್ರಮ ತೋರಿದಾಗ, ಒಡೆಯನು ಮೆಚ್ಚಿ ಬೇಕಾದುದನ್ನು ಬೇಡು ಎನ್ನಲು, ಆತನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಮುಂದೆ ಒಂದು ಮಹಾವರಾಹದೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಮಣಲೆರನು ನಾಯಿ ಹಂದಿಗಳ ಕಾಳಗವನ್ನು ಕೆತ್ತಿಸಿದ ಕಲ್ಲನ್ನು ನಿಲ್ಲಿಸಿದನು. ಈಗ ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ತರುಣ — ವೀರಗಲ್ಲು ನಾಯಿಗೆ! ಅಷ್ಟು ಪ್ರೀತಿ.

ಹಿರಿಯ — ಪ್ರೀತಿಗಾಗಿ ನಾನು ಅದನ್ನು ನೆನೆಯುವುದಿಲ್ಲ, ತಮ್ಮಾ. ಪ್ರೀತಿ ನಿನ್ನ ಮಗಳಲ್ಲಿಯೂ ಧಾರಾಳವಾಗಿದೆ. ಕಲ್ಲು ನಿಲ್ಲಿಸಿ ಆತನು ಕೈ ತೊಳೆದುಕೊಳ್ಳಲಿಲ್ಲ. ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟನು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದು ಶಾಸನದಲ್ಲಿ ಬರೆಸಿದನು. ಯಾರು ಮಾಡಬೇಕು, ಯಾವುದರಿಂದ ಮಾಡಬೇಕು, ಮಾಡದಿದ್ದರೆ ಏನು, ಈ ಮೂರೂ ಆ ಕಲ್ಲಿನ ಮೇಲಿವೆ. ಸತ್ತ ನಾಯಿಗೆ ಆತನು ಅಷ್ಟು ಏರ್ಪಾಡು ಮಾಡಿದನು. ಬದುಕಿರುವ ನಾಯಿಗೆ ನಿನ್ನ ಏರ್ಪಾಡೇನು ಎಂಬುದನ್ನೇ ನಾನು ಸಂಜೆಯಿಂದ ಕೇಳುತ್ತಿದ್ದೇನೆ.

ಇಲ್ಲಿ ಇಬ್ಬರೂ ಕೆಲ ಹೊತ್ತು ಸುಮ್ಮನಿದ್ದರು. ಒಳಗಿನಿಂದ ಚಹಾ ಬಂದಿತು. ಕುಡಿದಾದ ಮೇಲೆ ಹಿರಿಯರು ಎದ್ದು ಒಳಗೆ ಹೋಗಿ, ತುಕ್ಕು ಹಿಡಿದ ಒಂದು ನಾಯಿಯ ಸರಪಳಿಯನ್ನು ತಂದು ತರುಣನ ಕೈಯಲ್ಲಿಟ್ಟರು.

ಹಿರಿಯ — ಭಾನುವಾರದ ಹೈದರಾಬಾದನ್ನು ಒಂದು ತಿಂಗಳು ಮುಂದಕ್ಕೆ ಹಾಕು. ನಾಳೆಯಿಂದ ಬೆಳಗಿನ ಐದೂವರೆಗೆ, ಬಿಸಿಲು ಏರುವ ಮೊದಲು, ನಿನ್ನ ಮಗಳು ಈ ಖಾಲಿ ಸರಪಳಿಯನ್ನು ಹಿಡಿದು ಊರ ಹೊರಗಿನವರೆಗೆ ಹೋಗಿ ಬರಲಿ, ಸಂಜೆ ಮತ್ತೊಮ್ಮೆ. ಜನ ನಕ್ಕರೆ ನಗಲಿ. ಎರಡು ಹೊತ್ತು ಒಂದು ತಾಟಿನಲ್ಲಿ ರೊಟ್ಟಿ ಎತ್ತಿಡಿ, ಬಟ್ಟಲಿನ ನೀರು ಬದಲಾಯಿಸಿ. ಮನೆಗೆ ಬೀಗ ಹಾಕಿ ಲಗ್ನಕ್ಕೋ ಜಾತ್ರೆಗೋ ಹೋಗಬೇಕಾದ ದಿನ ಈ ಸರಪಳಿಯನ್ನು ಯಾರ ಮನೆಯಲ್ಲಿ ಬಿಡುತ್ತೀರೆಂದು ಮೊದಲೇ ಅವರನ್ನು ಕೇಳಿ ಬಿಟ್ಟುಹೋಗಿ. ತಿಂಗಳು ತುಂಬಿದ ಮೇಲೆ ಬಂದು ಲೆಕ್ಕ ಒಪ್ಪಿಸು. ಅಷ್ಟರಲ್ಲಿ ಶಾಲೆಯ ಹಿಂದಿನ ಮರಿಗಳಿಗೂ ಎಂಟು ವಾರ ಸಮೀಪಿಸಿರುತ್ತದೆ.

ತಿಂಗಳು ಕಳೆದು, ಮಳೆಯ ಮೊದಲ ಹನಿಗಳು ಬಿದ್ದ ಒಂದು ಸಂಜೆ, ಮಾಸ್ತರನು ಸರಪಳಿಯನ್ನು ಕಾಗದದಲ್ಲಿ ಸುತ್ತಿಕೊಂಡು ಬಂದನು. ಆ ದಿನವೂ ನಾನು ಅದೇ ಕಟ್ಟೆಯ ಮೇಲಿದ್ದೆ.

ತರುಣ — ಸೋತೆವು, ಕಾಕಾ. ಮಗಳು ಹನ್ನೊಂದು ದಿನ ತಪ್ಪದೆ ನಡೆದಳು. ಹನ್ನೆರಡನೆಯ ದಿನ ಜ್ವರ, ಆಮೇಲೆ ಅಜ್ಜಿಯ ಊರಿಗೆ ಹೋದಳು. ನಾನು ಒಂಬತ್ತು ದಿನ ನಡೆದೆ. ಸತ್ಯ ಹೇಳುತ್ತೇನೆ, ಅದರಲ್ಲಿ ಎರಡು ದಿನ ಚಹಾದ ಅಂಗಡಿಯವರೆಗೆ ಮಾತ್ರ. ಕೊನೆಯ ಹತ್ತು ದಿನ ಸರಪಳಿ ಗೂಟಕ್ಕೆ ತೂಗುತ್ತಿತ್ತು.

ಹಿರಿಯ — ಅಂದರೆ ಹತ್ತು ದಿನ ನಾಯಿ ಉಪವಾಸವಿತ್ತು.

ತರುಣ — ಇಲ್ಲ. ರೊಟ್ಟಿ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಯಾರಿಗೂ ಹೇಳದೆ ಅವ್ವ ಎರಡು ಹೊತ್ತೂ ಎತ್ತಿಟ್ಟು, ಹಿತ್ತಲ ಬಾಗಿಲಿನ ಹೊರಗೆ ಇಡುತ್ತಿದ್ದಳಂತೆ. ನೀರಿನ ಬಟ್ಟಲನ್ನು ಬೂದಿ ಹಾಕಿ ತಿಕ್ಕಿದ್ದಳು. ಅದು ನನಗೆ ತಿಳಿದದ್ದೇ ಮೊನ್ನೆ.

ಹಿರಿಯ — ಉಳ್ಳಾಗಡ್ಡಿ ಸೋಕಿಸಿದ್ದಳೇ?

ತರುಣ — ಇಲ್ಲ. ತಾವು ಹೇಳಿದ್ದನ್ನು ಮನೆಯಲ್ಲಿ ಒಮ್ಮೆ ಆಡಿದ್ದೆ. ಒಲೆಯ ಮುಂದಿನಿಂದಲೇ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. ಬೇರೆ ಬೇಳೆ ಕುದಿಸುತ್ತಿದ್ದಳು.

ಹಿರಿಯ — ನಾಯಿ ಬೇಕೋ ಬೇಡವೋ ಎಂದು ಮಗಳನ್ನು ಕೇಳಿದೆ, ಹೆಂಡತಿಯನ್ನು ಕೇಳಿದೆ, ಷಡ್ಡಕನನ್ನು ಕೇಳಿದೆ, ಒಂದು ತಿಂಗಳ ಹಿಂದೆ ನನ್ನನ್ನೂ ಕೇಳಿದೆ. ಅವ್ವನನ್ನು ಕೇಳಿದೆಯಾ?

ತರುಣ — ಅವಳು ಬೇಡವೆಂದಿದ್ದಳಲ್ಲ, ಕಾಕಾ.

ಹಿರಿಯ — ಬೇಡವೆಂದದ್ದು ಹೊಸ್ತಿಲ ಒಳಗೆ. ಹೊಸ್ತಿಲ ಹೊರಗಿನದನ್ನು ಯಾರೂ ಅವಳನ್ನು ಕೇಳಿಲ್ಲ.

ಹೀಗೆಂದು ಹಿರಿಯರು ಕಟ್ಟೆಯಿಂದಿಳಿದು, ಕತ್ತಲಲ್ಲಿ ಕಾಲಿನಿಂದ ತಡವಿ ಚಪ್ಪಲಿ ಮೆಟ್ಟಿಕೊಂಡು, ಕೋಲು ಹಿಡಿದು ಹೊರಟರು. ಎಲ್ಲಿಗೆ ಎಂದು ಮಾಸ್ತರನು ಕೇಳಿದ್ದಕ್ಕೆ, ನಿಮ್ಮ ಮನೆಗೆ, ನಿನ್ನ ಅವ್ವನ ಹತ್ತಿರ ಎರಡು ಮಾತಿದೆ, ಸರಪಳಿ ನೀನೇ ಹಿಡಿದುಕೋ ಎಂದರು.